ಹೊಗೆ ಬೇಡ ಅಂದಿದ್ದಳು

ಚಾಮರಾಜಪೇಟೆಯ ನಮ್ಮ ಮನೆಯಿಂದ ನನ್ನ ತಮ್ಮನ ಶಾಲೆಗೆ ಐದು ನಿಮಿಷದ ನಡಿಗೆ. ಅವನು ಅಲ್ಲಿ ವಿಜ್ಞಾನದ ಮೇಷ್ಟ್ರು. ಪ್ರತಿ ವರ್ಷ ಚಳಿಗಾಲದಲ್ಲಿ ಏಳನೇ ತರಗತಿಯ ಮಕ್ಕಳನ್ನು ಒಂದು ದಿನದ ಮಟ್ಟಿಗೆ ಹಳ್ಳಿಗೆ ಕರೆದುಕೊಂಡು ಹೋಗುತ್ತಿದ್ದ. ಹೋಗುವ ಮುಂಚೆ ಮೂರು ವಾರ, ಮಧ್ಯಾಹ್ನದ ಊಟವಾದ ಮೇಲೆ, ಶಾಲೆಯ ಅಂಗಳದಲ್ಲೇ ಒಂದು ಹಳ್ಳಿ ಕಟ್ಟುತ್ತಿದ್ದ.

ಸೀಮೆಸುಣ್ಣದಲ್ಲಿ ಎಳೆದ ದೊಡ್ಡ ಸುತ್ತು ಕೆರೆ. ಎರಡು ಕಂಬಗಳ ನಡುವೆ ಕಟ್ಟಿದ ತೆಂಗಿನ ಹಗ್ಗ ಹೊಲದ ಬೇಲಿ. ಹಗ್ಗದ ಒಂದು ತುದಿ ಬಿಚ್ಚಿದರೆ ಅದೇ ಗೇಟು. ಕಾಲು ಮುರಿದ ಬೆಂಚು ಹಸು, ನೆಲಕ್ಕೆ ಹಾಸಿದ ಗೋಣಿಚೀಲಗಳು ರಾಗಿ ಪೈರು. ಮಕ್ಕಳು ಸಾಲಾಗಿ ನಡೆಯಬೇಕು. ಗೇಟು ಬಿಚ್ಚಿದರೆ ಕಟ್ಟಬೇಕು. ಕೆರೆಯ ಗೆರೆ ಮುಟ್ಟಬಾರದು. ಹಸುವಿನ ಹಿಂದಿನಿಂದ ಹೋಗಬಾರದು. ತಿಂದ ಬಿಸ್ಕತ್ತಿನ ಕವರು ಜೇಬಿಗೆ ಹೋಗಬೇಕು.

ನಾನು ಊಟದ ಡಬ್ಬಿ ತೆಗೆದುಕೊಂಡು ಹೋದಾಗಲೆಲ್ಲ ಇದನ್ನು ನೋಡಿದ್ದೇನೆ. ಒಬ್ಬ ಹುಡುಗ ಗೋಣಿಚೀಲದ ಮೇಲೆ ಕಾಲಿಟ್ಟರೆ ಮಿಕ್ಕವರು ಬಿಡುತ್ತಿರಲಿಲ್ಲ.

"ಲೋ, ಗೌಡ್ರ ರಾಗಿ ತುಳಿದ್ಬಿಟ್ಟೆ ಮಗಾ! ಇವತ್ತು ನಿಂಗೆ ಮುದ್ದೆ ಇಲ್ಲ."

"ಮುದ್ದೆ ಬೇಡ, ಪಾನಿಪುರಿ ತಿಂತೀನಿ."

"ಹಸು ಒದೀತು ಸರ್ ಇವನ್ಗೆ! ಬೆಂಚು ಒದೀತು!"

ತಮ್ಮ ನಗುತ್ತಿದ್ದ, ಆದರೆ ಆ ಹುಡುಗನನ್ನು ವಾಪಸು ಕಳಿಸಿ ಮೊದಲಿಂದ ನಡೆಸುತ್ತಿದ್ದ. ಅವನಿಗೆ ಅದು ಆಟವಾಗಿರಲಿಲ್ಲ. ಕಾಲೇಜಿನಲ್ಲಿದ್ದಾಗ ಸ್ನೇಹಿತರ ಜೊತೆ ಬೆಟ್ಟ ಹತ್ತಲು ಹೋದವನು ಯಾರದೋ ಹೊಲದ ಗೇಟನ್ನು ಹಾಕದೆ ಬಂದಿದ್ದ. ಇಳಿದು ಬರುವಷ್ಟರಲ್ಲಿ ದನ ನುಗ್ಗಿ ಪೈರು ಮೇದಿತ್ತು. ಹೊಲದ ಯಜಮಾನ ಇವರನ್ನು ಬೈಯಲಿಲ್ಲವಂತೆ. ಬದುವಿನ ಮೇಲೆ ಸುಮ್ಮನೆ ಕೂತಿದ್ದನಂತೆ. "ಬೈದಿದ್ರೆ ಮರ್ತೇಬಿಡ್ತಿದ್ದೆ ಅಕ್ಕ" ಎಂದು ಎಷ್ಟೋ ಸಲ ಹೇಳಿದ್ದಾನೆ.

ನನ್ನ ಓದು ನಾಲ್ಕನೇ ಕ್ಲಾಸಿಗೇ ಮುಗಿಯಿತು. ಅಪ್ಪ ತೀರಿಕೊಂಡ ಮೇಲೆ ಅಮ್ಮನ ಪಕ್ಕದಲ್ಲಿ ಮಣೆ ಇಟ್ಟುಕೊಂಡು ಊದುಬತ್ತಿ ಹೊಸೆಯಲು ಕೂತೆ, ಇವತ್ತಿಗೂ ಹೊಸೆಯುತ್ತಿದ್ದೇನೆ. ಇದ್ದಿಲ ಪುಡಿ, ಅಂಟಿನ ಪುಡಿ, ನೀರು. ಬಿದಿರು ಕಡ್ಡಿಗೆ ಹಿಟ್ಟು ಸುತ್ತಿ ಅಂಗೈಯಲ್ಲಿ ಉರುಳಿಸುವುದು. ನಾವು ಹೊಸೆದು ಕೊಟ್ಟ ಕಡ್ಡಿಗೆ ಅದನ್ನು ಕೊಳ್ಳುವ ಮಂಡಿಯವರು ಪರಿಮಳ ಹಾಕಿಕೊಳ್ಳುತ್ತಾರೆ. ಮನೆಯ ದೇವರಿಗೆ ಮಾತ್ರ ನಾನೇ ಸಾಂಬ್ರಾಣಿ, ಹಾಲುಮಡ್ಡಿಯ ಗೋಂದು ಕಲಸಿ ದಪ್ಪ ಬತ್ತಿ ಮಾಡಿಕೊಳ್ಳುತ್ತೇನೆ. ಎಲ್ಲಿಗೆ ಹೋದರೂ ಒಂದು ಹಿಡಿ ಬತ್ತಿ, ಒಂದು ಬೆಂಕಿಪೊಟ್ಟಣ ನನ್ನ ಚೀಲದಲ್ಲಿ ಇರುತ್ತಿತ್ತು. ದಾರಿಯಲ್ಲಿ ಯಾವ ಗುಡಿ ಸಿಕ್ಕಿದರೂ ಎರಡು ಹಚ್ಚಿ ಮುಂದೆ ಹೋಗುವುದು ಅಮ್ಮನಿಂದ ಬಂದ ಅಭ್ಯಾಸ. ನನ್ನದು ಎಂದು ದೇವರಿಗೆ ಕೊಡಲು ನನ್ನ ಕೈಯಲ್ಲಿದ್ದದ್ದು ಅದೊಂದೇ.

ಆ ವರ್ಷ ಮಕ್ಕಳ ಜೊತೆ ಹೋಗಬೇಕಿದ್ದ ಟೀಚರು ಹುಷಾರಿಲ್ಲದೆ ರಜೆ ಹಾಕಿದರು. ಹೆಣ್ಣುಮಕ್ಕಳಿರುವುದರಿಂದ ಒಬ್ಬರಾದರೂ ಹೆಂಗಸರು ಇರಲೇಬೇಕು. ತಮ್ಮ ನನ್ನನ್ನು ಕರೆದ.

"ನೀನು ಬಾ ಅಕ್ಕ. ಆದ್ರೆ ನಾಳೆಯಿಂದ ಡ್ರಿಲ್‌ಗೂ ಬರ್ಬೇಕು."

"ನಾನೇನು ಚಿಕ್ಕ ಮಗೂನಾ ಕಣೋ? ನಿನ್ನ ಕೈ ಹಿಡಿದು ರಸ್ತೆ ದಾಟಿಸಿದವಳು ನಾನು."

"ರಸ್ತೆ ಬೇರೆ, ಕೆರೆ ಬೇರೆ."

"ಆಯ್ತು ಮೇಷ್ಟ್ರೆ, ಬರ್ತೀನಿ. ಬೆತ್ತ ಇಟ್ಕೋಬೇಡಿ" ಎಂದೆ.

ಒಂದೇ ಒಂದು ದಿನ ಹೋದೆ. ಬಾದಾಮಿ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತೆ. ತಮ್ಮ ನನ್ನನ್ನು ಅಕ್ಕ ಎನ್ನುವುದನ್ನು ಕೇಳಿ ಮಕ್ಕಳೆಲ್ಲ ನನ್ನನ್ನು 'ಸರ್ ಅಕ್ಕ' ಎಂದು ಕರೆಯುತ್ತಿದ್ದವು. ಅವತ್ತು ಜೇನಿನ ಪಾಠ. ಅವನ ಪ್ರಕಾರ ಹೆಜ್ಜೇನನ್ನು ಎಬ್ಬಿಸುವುದು ಮೂರು: ಕಲ್ಲು, ಗಲಾಟೆ, ಹೊಗೆ. ಅದು ಎದ್ದರೆ ಟವೆಲನ್ನು ತಲೆ, ಕುತ್ತಿಗೆ ಮುಚ್ಚುವ ಹಾಗೆ ಹೊದ್ದುಕೊಳ್ಳಬೇಕು. ಕೈ ಬೀಸಬಾರದು, ನೀರಿನ ಕಡೆ ಓಡಬಾರದು. ಒಬ್ಬರ ಹಿಂದೆ ಒಬ್ಬರು ಬೇಗ ಬೇಗ ನಡೆದು ಬಸ್ಸು ಸೇರಿ ಕಿಟಕಿ ಹಾಕಿಕೊಳ್ಳಬೇಕು. ಹೀಗಾಗಿ ಪ್ರತಿಯೊಂದು ಮಗುವಿನ ಚೀಲದಲ್ಲೂ ಒಂದು ದಪ್ಪ ಟವೆಲ್ ಇರಲೇಬೇಕು.

ನಲವತ್ತು ಮಕ್ಕಳು ಟವೆಲ್ ಹೊದ್ದುಕೊಂಡು ಅಂಗಳದಲ್ಲಿ ನಡೆದದ್ದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಮದುವೆಮನೆಯಿಂದ ಕದ್ದು ಓಡುವ ಮದುಮಕ್ಕಳ ಹಾಗಿದ್ದರು. ನನ್ನ ನಗು ಕೇಳಿ ಮಕ್ಕಳೂ ನಕ್ಕವು. ತಮ್ಮ ಮಾತ್ರ ನನ್ನ ಕಡೆ ಒಮ್ಮೆ ನೋಡಿ ಸಾಲನ್ನು ಮೊದಲಿಂದ ನಡೆಸಿದ.

ಒಬ್ಬಳು ಹುಡುಗಿ ಕೈಯೆತ್ತಿ ಕೇಳಿದಳು. "ಸರ್, ಹೊಗೆ ಅಂದ್ರೆ ಏನೇನು?"

"ಬೆಂಕಿಪೊಟ್ಟಣ, ಪಟಾಕಿ, ಕ್ಯಾಂಪ್‌ಫೈರು, ಡ್ರೈವರ್ ಅಣ್ಣನ ಬೀಡಿ. ಇದ್ಯಾವುದೂ ಕೂಡದು."

ಅವನು ಹೇಳಿದ ಪಟ್ಟಿಯಲ್ಲಿ ಊದುಬತ್ತಿ ಇರಲಿಲ್ಲ. ಆಮೇಲೆ ಎಷ್ಟೋ ತಿಂಗಳು ನಾನು ಈ ಒಂದು ಎಳೆಯನ್ನು ಹಿಡಿದುಕೊಂಡು ನೇತಾಡಿದೆ. ಆದರೆ ಬೆಂಕಿಪೊಟ್ಟಣ ಅಂತ ಮೊದಲೇ ಹೇಳಿದ್ದನಲ್ಲ.

ಕೇಳಿದ ಆ ಹುಡುಗಿ ಅವನ ಗೇಟ್ ಲೀಡರ್. ಸಾಲಿನ ಕೊನೆಗೆ ಬಂದು, ಎಲ್ಲರೂ ದಾಟಿದ ಮೇಲೆ ಗೇಟು ಹಾಕಿ, ಹಾಕಿದೆ ಎಂದು ಕೈಯೆತ್ತಿ ತೋರಿಸುವ ಕೆಲಸ ಅವಳದ್ದು. ಸಣ್ಣಗಿದ್ದಳು, ಮಾತು ಕಡಿಮೆ. ಅವಳ ತಾಯಿ ಹತ್ತಿರದ ಒಂದು ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಾಕುವ ಕೆಲಸಕ್ಕೆ ಹೋಗುತ್ತಿದ್ದರು.

ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ಆರಕ್ಕೆ ಬಸ್ಸು ಹೊರಟಿತು. ಊರು ದಾಟಿ ಒಂದೂವರೆ ಗಂಟೆಯ ದಾರಿ. ಇಳಿದ ಮೇಲೆ ಮಕ್ಕಳು ನಡೆದದ್ದು ನಾನು ಅಂಗಳದಲ್ಲಿ ನೋಡಿದ್ದ ಹಾಗೆಯೇ. ಬದುವಿನ ಮೇಲೆ ಸಾಲು. ಕೊಯ್ಲಿಗೆ ಬಂದ ರಾಗಿಯನ್ನು ಒಬ್ಬರೂ ಮುಟ್ಟಲಿಲ್ಲ. ಕೆರೆಯ ಏರಿಯ ಮೇಲೆ ನಿಂತು ನೀರು ನೋಡಿದರು, ಇಳಿಯಲಿಲ್ಲ. ಹೊಲದ ಮುಳ್ಳುಬೇಲಿಯ ಗೇಟನ್ನು ಆ ಹುಡುಗಿ ಎಳೆದು, ತಂತಿ ಸಿಕ್ಕಿಸಿ, ಕೈಯೆತ್ತಿದಳು. ಪಕ್ಕದ ತರಕಾರಿ ಮಡಿಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸೊಬ್ಬರು ಎದ್ದು ನಿಂತು ನೋಡಿದರು.

"ಬೆಂಗ್ಳೂರಿಂದ ಭಾನುವಾರ ಬಂದ್ರೆ ಸಾಕು ಜನ, ಗೇಟು ತೆಗ್ದು ಹಂಗೇ ಹೋಯ್ತಾನೆ ಇರ್ತಾರೆ. ಮುಚ್ಚಿದ್ದು ನಿಮ್ಮ ಮಕ್ಳೇ ಕಣ್ ಮೇಷ್ಟ್ರೆ" ಎಂದರು.

ತಮ್ಮನ ಮುಖ ನನಗೆ ಗೊತ್ತು. ಪರೀಕ್ಷೆಯಲ್ಲಿ ಪಾಸಾಗಿ ಮನೆಗೆ ಓಡಿಬಂದಾಗ ಇರುತ್ತಿದ್ದ ಮುಖ ಅದು.

ಮಧ್ಯಾಹ್ನ ಊಟಕ್ಕೆ ಊರ ಹೊರಗಿನ ಅರಳಿಕಟ್ಟೆಯ ನೆರಳಿಗೆ ಹೋಗುವುದೆಂದಾಯಿತು. ತಮ್ಮ ಮಕ್ಕಳನ್ನು ಪಂಪ್‌ಹೌಸಿನ ಹತ್ತಿರ ಕೈ ತೊಳೆಯಲು ನಿಲ್ಲಿಸಿದ. ಎಲೆಯ ಕಟ್ಟು, ಚಿತ್ರಾನ್ನದ ಪಾತ್ರೆ ಇಡಲೆಂದು ನಾನು, ಆ ಹುಡುಗಿ ಮುಂದೆ ಬಂದೆವು. ಕಟ್ಟೆಯ ಮೇಲೆ ನಾಲ್ಕೈದು ನಾಗರಕಲ್ಲುಗಳಿದ್ದವು. ಕುಂಕುಮ ಒಣಗಿ ಉದುರಿತ್ತು, ಸುತ್ತ ಒಣಗಿದ ಅರಳಿ ಎಲೆ ಮೊಣಕಾಲೆತ್ತರ ಬಿದ್ದಿತ್ತು. ಯಾರೂ ಬಹಳ ದಿನದಿಂದ ಬಂದಿರಲಿಲ್ಲವೇನೋ. ಇಷ್ಟು ಮಕ್ಕಳು ಬಂದಿದ್ದಾರೆ, ನಾಗಪ್ಪನ ಮುಂದೆ ಒಂದು ಬತ್ತಿಯಾದರೂ ಬೇಡವೇ ಎಂದು ಚೀಲಕ್ಕೆ ಕೈ ಹಾಕಿದೆ.

"ಸರ್ ಅಕ್ಕಾ, ಸರ್ ಹೊಗೆ ಬೇಡ ಅಂದಿದ್ರು" ಎಂದಳು ಹುಡುಗಿ.

ನಾನು ಕಡ್ಡಿ ಗೀರಿದೆ. ಅವಳು ಹತ್ತಿರ ಬಂದು ಮೆಲ್ಲಗೆ, "ಮೇಲೆ ನೋಡಿ. ಜೇನಿದೆ" ಎಂದಳು.

ನೋಡಿದೆ. ನೋಡಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಕಟ್ಟೆಯ ಮೇಲೆ ಬಾಗಿದ್ದ ಕೊಂಬೆಯಲ್ಲಿ, ಎರಡಾಳೆತ್ತರದಲ್ಲಿ, ಒದ್ದೆ ಗೋಣಿಚೀಲ ನೇತುಹಾಕಿದ ಹಾಗೆ ಕಪ್ಪಗೆ ತೂಗುತ್ತಿತ್ತು. ನಲವತ್ತು ವರ್ಷದಿಂದ ಬತ್ತಿ ಹೊಸೆಯುವವಳಿಗೆ ಹನ್ನೆರಡು ವರ್ಷದ ಹುಡುಗಿ ಬತ್ತಿಯ ವಿಷಯ ಹೇಳುತ್ತಿದ್ದಾಳಲ್ಲ ಎಂದು ನನಗೆ ಸ್ವಲ್ಪ ಕಿರಿಕಿರಿಯೂ ಆಯಿತು.

"ದೇವ್ರಿಗೆ ಹಚ್ಚೋದು ಹೊಗೆ ಅಲ್ಲ ಪುಟ್ಟ. ನಾಗಪ್ಪನ ಮುಂದೆ ಹಾಗೆಲ್ಲ ಅನ್ಬಾರ್ದು. ತಪ್ಪಾಯ್ತು ಅಂತ ಕೆನ್ನೆ ತಟ್ಕೋ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಎರಡೂ ಕೈ ಎತ್ತಿ, ಎಡಕ್ಕೆ ಬಲಕ್ಕೆ ಮೂರು ಸಲ ಕೆನ್ನೆ ತಟ್ಟಿಕೊಂಡಳು.

ಬತ್ತಿ ಸಿಕ್ಕಿಸಲು ಜಾಗ ಹುಡುಕುವಾಗ ಹಚ್ಚಿದ ಹಿಡಿಯಿಂದ ಒಂದು ಜಾರಿ ಎಲೆಗಳ ಮೇಲೆ ಬಿತ್ತು. ಒಣ ಎಲೆ ಹತ್ತಿಕೊಂಡಿತು. ನಾನು ಗಾಬರಿಯಾಗಿ ಬಾಟಲಿಯ ನೀರು ಸುರಿದೆ. ಉರಿ ಆರಿತು, ಆದರೆ ಬಿಳಿ ಹೊಗೆ ದಪ್ಪಗೆ ಎದ್ದು ನೇರ ಮೇಲಕ್ಕೆ ಹೋಯಿತು. ಕೈಯಲ್ಲಿದ್ದ ಬತ್ತಿಗಳನ್ನು ಕಲ್ಲಿಗೆ ಒತ್ತಿ ನಂದಿಸಿ ಚೀಲಕ್ಕೆ ತುರುಕಿದೆ. ಆಗಲೇ, ಯಾರಿಗೂ ಏನೂ ಆಗುವ ಮೊದಲೇ, ನಾನು ಅದನ್ನು ಬಚ್ಚಿಡಲು ಶುರುಮಾಡಿದ್ದೆ.

ಮೊದಲು ಮಳೆ ಬಂದ ಹಾಗೆ ಸದ್ದು. ಆಮೇಲೆ ತಲೆಗೂದಲಿನಲ್ಲಿ ಒಂದು, ಕಿವಿಯ ಹಿಂದೆ ಒಂದು. ನಾನು ಕಿರುಚುತ್ತಾ ಎರಡೂ ಕೈ ಬೀಸುತ್ತಾ ಕೆರೆಯ ಕಡೆ ಓಡಿದೆ. ಬೇಡ ಎಂದು ಅವನು ಹೇಳಿಕೊಟ್ಟಿದ್ದ ಪ್ರತಿಯೊಂದನ್ನೂ ಮಾಡಿದೆ. ಪಂಪ್‌ಹೌಸಿನ ಹತ್ತಿರ ತಮ್ಮ "ಟವೆಲ್! ಸಾಲು!" ಎಂದು ಕೂಗುವುದು ಕೇಳಿಸಿತು. ಮಕ್ಕಳು ಟವೆಲ್ ಹೊದ್ದು, ಬಗ್ಗಿ, ಒಬ್ಬರ ಹಿಂದೆ ಒಬ್ಬರು ಬಸ್ಸಿನ ಕಡೆ ಸರಸರನೆ ನಡೆದವು. ಮುಂದೆ ಬಸ್ಸಿನೊಳಗೆ ಎಣಿಸಿದಾಗ ಒಂದೆರಡು ಸಲ ಕಚ್ಚಿಸಿಕೊಂಡವರು ಐದಾರು ಮಕ್ಕಳು, ಅಷ್ಟೇ.

ಆ ಹುಡುಗಿ ಮಾತ್ರ ಬಸ್ಸಿಗೆ ಹೋಗಲಿಲ್ಲ. ನನ್ನ ಹಿಂದೆ ಓಡಿಬಂದಳು. ನನ್ನ ಸೆರಗು ಹಿಡಿದು ನಿಲ್ಲಿಸಿ, ತಾನು ಹೊದ್ದಿದ್ದ ಟವೆಲ್ ತೆಗೆದು ನನ್ನ ತಲೆಗೆ ಹಾಕಿದಳು. "ಕೈ ಬೀಸ್ಬೇಡಿ ಸರ್ ಅಕ್ಕಾ, ನಡೀರಿ, ನಡೀರಿ" ಎನ್ನುತ್ತಾ ನನ್ನನ್ನು ಬಸ್ಸಿನ ತನಕ ತಳ್ಳಿಕೊಂಡು ಬಂದಳು. ಟವೆಲಿನ ಒಳಗಿಂದ ನನಗೆ ಅವಳ ಕಾಲುಗಳಷ್ಟೇ ಕಾಣುತ್ತಿದ್ದವು. ಬಸ್ಸು ಹತ್ತಿದ ಮೇಲೆ ಅವಳ ಮುಖ ನೋಡಿದೆ. ಅದನ್ನು ಬರೆಯಲು ನನ್ನಿಂದ ಆಗುವುದಿಲ್ಲ.

ಹತ್ತಿರದ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಡಿಸಿ, ಅಲ್ಲಿಂದ ಬೆಂಗಳೂರಿಗೆ ತಂದು ಸೇರಿಸಿದರು. ನಾಲ್ಕು ದಿನ ಇದ್ದಳು. ಎರಡನೇ ದಿನ ಉಸಿರಾಟ ಸರಿಹೋಯಿತು, ಗಾಬರಿಯಿಲ್ಲ ಎಂದರು. ನಾನು ಗಂಜಿ ತೆಗೆದುಕೊಂಡು ಹೋದೆ. ಅವಳ ತಾಯಿ ನನ್ನ ಕೈ ಹಿಡಿದು, "ನಿಮ್ಮನ್ನ ಉಳಿಸಿದ್ಲಂತಲ್ಲ ಅಕ್ಕ. ದೇವ್ರು ದೊಡ್ಡವನು ಬಿಡಿ. ನಿಮ್ಗೆ ನೋವು ಕಡಿಮೆ ಆಯ್ತಾ?" ಎಂದು ಕೇಳಿದರು. ಬಿಸಿನೀರು ತರಲು ಅವರು ಹೊರಗೆ ಹೋದಾಗ ನಾನು ಮಂಚದ ಹತ್ತಿರ ಕುರ್ಚಿ ಎಳೆದುಕೊಂಡೆ. ಹುಡುಗಿಯ ಒಂದು ಕಣ್ಣು ಇನ್ನೂ ಪೂರಾ ತೆರೆದಿರಲಿಲ್ಲ.

"ಕಂದ, ಬತ್ತಿ ಹಚ್ಚಿದ್ದು ಯಾರ್ಗೂ ಹೇಳ್ಬೇಡ. ನಾಗಪ್ಪನ ವಿಷಯ ಅದು, ಬಾಯಲ್ಲಿ ಆಡಬಾರ್ದು" ಎಂದೆ.

ಅವಳು ಸರಿ ಎಂದು ತಲೆಯಾಡಿಸಿದಳು. ನಾನು ಮಾಡಿದ ತಪ್ಪುಗಳಲ್ಲಿ ಇದೇ ದೊಡ್ಡದು. ಮೊದಲಿನದು ಕೈಜಾರಿ ಆಯಿತು ಎನ್ನಬಹುದು. ಇದು ಕುರ್ಚಿ ಹಾಕಿಕೊಂಡು, ಕೂತು, ಯೋಚಿಸಿ ಮಾಡಿದ್ದು.

ಶಾಲೆಯಲ್ಲಿ ವಿಚಾರಣೆಯಾಯಿತು. ಹೆಡ್‌ಮಿಸ್, ಆಡಳಿತ ಮಂಡಳಿಯ ಇಬ್ಬರು, ತಮ್ಮ. ಜೇನು ಎದ್ದದ್ದು ಹೇಗೆ ಎನ್ನುವುದೊಂದೇ ಪ್ರಶ್ನೆ. ನನ್ನನ್ನೂ ಕರೆಸಿ ಕೇಳಿದರು.

"ನೀವು ಅಲ್ಲೇ ಇದ್ರಲ್ಲಮ್ಮ. ಹುಡುಗ್ರು ಕಲ್ಲು ಹೊಡೆದ್ರಾ?"

"ನಾನು ನೋಡ್ಲಿಲ್ಲ" ಎಂದೆ. ಅದು ನಿಜವೇ. ಯಾರೂ ಕಲ್ಲು ಹೊಡೆಯದಿದ್ದಾಗ ನೋಡುವುದೇನು? ಅವರು ಬರೆದುಕೊಂಡ ಹಾಳೆಯ ಕೆಳಗೆ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದೆ. ಆ ಕಟ್ಟೆಯ ಮೇಲೆ ಸುಟ್ಟ ಎಲೆ ಕಂಡರೂ ಯಾರೂ ಏನೂ ಅಂದುಕೊಳ್ಳುತ್ತಿರಲಿಲ್ಲ. ನಾಗರಕಲ್ಲಿನ ಮುಂದೆ ಬೂದಿ ಇದ್ದರೆ ಯಾರು ಕೇಳುತ್ತಾರೆ?

"ಎಷ್ಟು ಹೇಳ್ಕೊಟ್ರೂ ಮಕ್ಕಳು ಮಕ್ಕಳೇ ಸರ್" ಎಂದು ಹೆಡ್‌ಮಿಸ್ ತಮ್ಮನಿಗೆ ಹೇಳಿದರು. ಬೈದು ಹೇಳಲಿಲ್ಲ, ಸಮಾಧಾನಕ್ಕೆ ಹೇಳಿದರು. ಅವನಿಗೆ ಬೈಗುಳಕ್ಕಿಂತ ಜಾಸ್ತಿ ತಗುಲಿತು.

ಅವನು ಮಕ್ಕಳನ್ನು ಒಬ್ಬೊಬ್ಬರಾಗಿ ಕೇಳಿದ. ಎಲ್ಲರೂ ಇಲ್ಲ ಎಂದರು. ಮೊದಲ ದಿನ ನಂಬಿದ. ಮೂರನೇ ದಿನ ಮನೆಗೆ ಬಂದು, "ಯಾರೋ ಒಬ್ರು ಸುಳ್ಳು ಹೇಳ್ತಿದಾರೆ ಅಕ್ಕ" ಎಂದ. ಹುಡುಗಿ ಶಾಲೆಗೆ ವಾಪಸು ಬಂದ ಮೇಲೆ ಅವಳನ್ನೂ ಕೇಳಿದ. ಮರದ ಹತ್ತಿರ ನನ್ನ ಜೊತೆ ಇದ್ದವಳು ಅವಳೊಬ್ಬಳೇ ಅಲ್ಲವೇ. ಅವಳು ತಲೆ ತಗ್ಗಿಸಿ ನಿಂತಳಂತೆ. ಇಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ.

ಆ ಸಂಜೆ ನಾನು ಮಣೆಯ ಮುಂದೆ ಕೂತಿದ್ದೆ. ಅವನು ಶರ್ಟು ಕೂಡ ಬದಲಿಸದೆ ಗೋಡೆಗೆ ಒರಗಿ ಕೂತ.

"ಅವಳು ನನ್ನ ಮುಖಾನೇ ನೋಡಲ್ಲ ಅಕ್ಕ. ಏನೋ ಮಾಡಿದಾಳೆ. ತಮಾಷೆಗೆ ಕಲ್ಲು ಬೀಸಿರ್ಬೇಕು. ಅದಕ್ಕೇ ನಿನ್ನ ಹಿಂದೆ ಓಡಿ ಬಂದಿದ್ದು. ಮೂರು ವಾರ ಹೇಳ್ಕೊಟ್ಟೆ. ಗೇಟ್ ಲೀಡರ್ರೇ ಹಿಂಗೆ ಮಾಡಿದ್ರೆ…"

ನನ್ನ ಅಂಗೈಯ ಕೆಳಗೆ ಕಡ್ಡಿ ಉರುಳುತ್ತಲೇ ಇತ್ತು. ಆಗ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಬಂದ ಮಾತು ಮಾತ್ರ ಬೇರೆ.

"ಮಕ್ಕಳಲ್ವಾ ಕಣೋ. ಬಿಡು" ಎಂದೆ.

ಅಷ್ಟು ಸಾಕಾಯಿತು. ನಾನು ಅಲ್ಲಿದ್ದವಳು. ನಾನು ಬಿಡು ಎಂದರೆ ಏನೋ ನೋಡಿದ್ದೇನೆ ಎಂದೇ ಅರ್ಥವಲ್ಲವೇ. ಅವನು ತಲೆಯಾಡಿಸಿ ಎದ್ದು ಹೋದ. ಹುಡುಗಿಗೆ ಶಿಕ್ಷೆ ಕೊಡಲಿಲ್ಲ, ಯಾರ ಮುಂದೆಯೂ ಅವಳ ಹೆಸರು ಎತ್ತಲಿಲ್ಲ. ಮಕ್ಕಳು ಏನೋ ಮಾಡಿರಬೇಕು, ಸರಿಯಾಗಿ ಕಲಿಸದ ತಪ್ಪು ತನ್ನದು ಎಂದು ಬರೆದುಕೊಟ್ಟ. ಆದರೆ ತರಗತಿಯಲ್ಲಿ ಅವಳನ್ನು ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ. ಅವಳು ಕೈಯೆತ್ತುವುದನ್ನೂ ನಿಲ್ಲಿಸಿರಬೇಕು.

ಇನ್ನು ಮುಂದೆ ಮಕ್ಕಳನ್ನು ಊರಿನಾಚೆ ಕರೆದೊಯ್ಯುವಂತಿಲ್ಲ ಎಂದು ಶಾಲೆ ತೀರ್ಮಾನಿಸಿತು. ಅವನು ವಾದಿಸಲಿಲ್ಲ. ವಾದಿಸಲು ಅವನ ಹತ್ತಿರ ಇದ್ದದ್ದು ಒಂದೇ ಮಾತು: ಹೇಳಿಕೊಟ್ಟರೆ ಮಕ್ಕಳು ಕಲಿಯುತ್ತಾರೆ. ಅದನ್ನು ಅವನೇ ನಂಬುತ್ತಿರಲಿಲ್ಲ. ಬೇಲಿಯ ಹಗ್ಗವನ್ನು ಸುತ್ತಿ ಮನೆಗೆ ತಂದ. ನಾನು ಅದನ್ನು ತಾರಸಿಯಲ್ಲಿ ಬಟ್ಟೆ ಹರವಲು ಕಟ್ಟಿದೆ. ಹುಡುಗಿಯ ಟವೆಲ್ಲು ನನ್ನ ಹತ್ತಿರವೇ ಉಳಿದಿತ್ತು. ಆ ಹಗ್ಗದ ಮೇಲೆ ಅದನ್ನೂ ಒಗೆದು ಒಣಹಾಕಿದೆ. ವಾಪಸು ಕೊಡಲು ಹೋದರೆ ಅವಳ ಮುಖ ನೋಡಬೇಕಾಗುತ್ತದೆ ಎಂದು ಮಡಿಸಿ ಟ್ರಂಕಿನಲ್ಲಿಟ್ಟೆ.

ಬೇಸಿಗೆ ರಜೆಯಲ್ಲಿ ತಮ್ಮ ಹಳೇ ಪೇಪರು ತೆಗೆಯುತ್ತಿದ್ದ. ಬೀದಿಯಲ್ಲಿ ಹಳೇ ಪೇಪರಿನವನ ಕೂಗು ಕೇಳಿಸಿ, "ಇದನ್ನೂ ಹಾಕ್ಬಿಡು" ಎಂದು ಒಂದು ನೋಟ್‌ಬುಕ್ಕು ನನ್ನ ಕಡೆ ತಳ್ಳಿದ. ಅವನು ಪ್ರತಿ ವರ್ಷದ ಹಳ್ಳಿ ಪಾಠ ಬರೆದಿಡುತ್ತಿದ್ದ ನೋಟ್‌ಬುಕ್ಕು ಅದು. ನಾನು ನಿಧಾನವಾಗಿ ಓದುವವಳು. ಕೊನೆಯ ಪುಟದಲ್ಲಿ ಹೆಚ್ಚೇನೂ ಇರಲಿಲ್ಲ, ಅಲ್ಲೇ ಬಾಗಿಲಲ್ಲಿ ನಿಂತು ಓದಿದೆ. 'ಮೂರು ವಾರ ಕಲಿಸಿದೆ. ಕಲಿಯಲಿಲ್ಲ. ನನ್ನ ವಿಧಾನವೇ ಸರಿಯಿಲ್ಲವೇನೋ' ಎಂದು ಬರೆದಿದ್ದ. ಅದರ ಕೆಳಗೆ ಗೆರೆ ಎಳೆದಿದ್ದ.

ಪೇಪರಿನವನು ತಕ್ಕಡಿ ಹಿಡಿದು ಕಾಯುತ್ತಿದ್ದ. "ಹೋಗಪ್ಪ, ಇವತ್ತು ಏನೂ ಇಲ್ಲ" ಎಂದು ಅವನನ್ನು ಕಳಿಸಿ ಒಳಗೆ ಬಂದೆ.

"ಮಕ್ಕಳು ಕಲ್ಲು ಹೊಡೀಲಿಲ್ಲ ಕಣೋ. ನಾನು ಬತ್ತಿ ಹಚ್ಚಿದೆ."

ಅವನು ತಲೆ ಎತ್ತಿದ. ನಾನು ನಿಲ್ಲಿಸದೆ ಎಲ್ಲ ಹೇಳಿದೆ: ಎಲೆ ಹತ್ತಿಕೊಂಡದ್ದು, ನೀರು ಸುರಿದದ್ದು, ಬತ್ತಿ ಚೀಲಕ್ಕೆ ಹಾಕಿಕೊಂಡದ್ದು, ಆಸ್ಪತ್ರೆಯಲ್ಲಿ ಆಡಿದ ಮಾತು. ಅವನು ಕೂಗಾಡುತ್ತಾನೆ ಎಂದುಕೊಂಡಿದ್ದೆ. ಕೂಗಾಡಿದ್ದರೆ ಚೆನ್ನಾಗಿತ್ತು.

"ಆ ಹುಡುಗಿ ಪಕ್ಕದಲ್ಲೇ ಇದ್ಲಲ್ಲ. ಏನೂ ಹೇಳ್ಲಿಲ್ವಾ?" ಎಂದು ಕೇಳಿದ.

"ಹೇಳಿದ್ಲು."

"ಏನಂದ್ಲು?"

"ಸರ್ ಹೊಗೆ ಬೇಡ ಅಂದಿದ್ರು ಅಂದ್ಲು."

"ಇನ್ನೊಂದ್ಸಲ ಹೇಳು. ಅವಳು ಹೆಂಗೆ ಹೇಳಿದ್ಲೋ ಹಂಗೇ ಹೇಳು."

"ಸರ್ ಅಕ್ಕಾ, ಸರ್ ಹೊಗೆ ಬೇಡ ಅಂದಿದ್ರು. ಆಮೇಲೆ, ಮೇಲೆ ನೋಡಿ, ಜೇನಿದೆ ಅಂದ್ಲು."

"ಮರದ ಮೇಲೆ ನೋಡಿದ್ಲಾ? ಅವಳೇ? ಯಾರೂ ಹೇಳ್ದೆ?"

"ಅವಳೇ ನೋಡಿದ್ಲು. ನಾನು ಕೆನ್ನೆ ತಟ್ಕೋ ಅಂದೆ. ತಟ್ಕೊಂಡ್ಲು."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಕೈ ತೆಗೆಯದೆಯೇ, "ಇದನ್ನ ಅವತ್ತೇ ಹೇಳಿದ್ದಿದ್ರೆ ಅಕ್ಕ" ಎಂದ. ಮುಂದಿನ ಮಾತಿಗೆ ನಾನು ಕಾಯುತ್ತಾ ನಿಂತೆ. ಬೀದಿಯ ಕೊನೆಯಲ್ಲಿ ಪೇಪರಿನವನ ಕೂಗು ಇನ್ನೂ ಕೇಳುತ್ತಿತ್ತು.

ಆ ಸಂಜೆಯೇ ನಾವಿಬ್ಬರೂ ಹುಡುಗಿಯ ಮನೆಗೆ ಹೋದೆವು. ಟವೆಲನ್ನು ಕಾಗದದಲ್ಲಿ ಸುತ್ತಿ ತೆಗೆದುಕೊಂಡಿದ್ದೆ. ವಠಾರದ ಕೊನೆಯ ಕೋಣೆಯಲ್ಲಿ ಬೇರೆ ಯಾರೋ ಇದ್ದರು. ಪಕ್ಕದ ಮನೆಯಾಕೆ, "ಅವ್ರು ಖಾಲಿ ಮಾಡಿ ತಿಂಗಳಾಯ್ತಲ್ಲ. ತಾಯಿಗೆ ತುಮಕೂರು ರೋಡ್ ಕಡೆ ಎಲ್ಲೋ ಕೆಲಸ ಸಿಕ್ತಂತೆ" ಎಂದರು. ಶಾಲೆಯಲ್ಲಿ ವಿಚಾರಿಸಿದರೆ ಪರೀಕ್ಷೆ ಮುಗಿದ ಕೂಡಲೇ ಟಿ.ಸಿ. ತೆಗೆದುಕೊಂಡು ಹೋಗಿದ್ದಳು. ಕೊಟ್ಟಿದ್ದ ಫೋನ್ ನಂಬರು ಚಾಲ್ತಿಯಲ್ಲಿರಲಿಲ್ಲ. ತಮ್ಮ ಎರಡು ಭಾನುವಾರ ಆ ಕಡೆಯ ಶಾಲೆಗಳ ಬೀದಿಗಳನ್ನು ಸುತ್ತಿ ಬಂದ. ಭಾನುವಾರ ಶಾಲೆ ಇರುವುದಿಲ್ಲ ಎಂದು ಗೊತ್ತಿದ್ದೂ ಹೋದ.

ಶಾಲೆ ತೆರೆದ ದಿನ ನಾನು ಒಬ್ಬಳೇ ಹೆಡ್‌ಮಿಸ್ ಕೋಣೆಗೆ ಹೋದೆ. ತಮ್ಮ ಹೊರಗೆ ಬಾದಾಮಿ ಮರದ ಕೆಳಗೆ ನಿಂತಿದ್ದ. ಒಳ್ಳೆಯ ಹೆಂಗಸು ಅವರು. ಕೂರಿಸಿ, ನೀರು ಕೊಟ್ಟು, ಪೂರಾ ಕೇಳಿಸಿಕೊಂಡರು.

"ಅಯ್ಯೋ, ಇದಕ್ಕೆ ಯಾಕಮ್ಮ ಇಷ್ಟು ನೊಂದ್ಕೊಂಡಿದೀರ? ದೇವ್ರಿಗೆ ತಾನೇ ಹಚ್ಚಿದ್ದು. ನಾನಾಗಿದ್ರೂ ಹಚ್ತಿದ್ದೆ."

"ಅದರಿಂದಾನೇ ಮೇಡಂ ಜೇನು ಎದ್ದಿದ್ದು. ಆ ಮಗು ಬೇಡ ಅಂದಿತ್ತು."

"ಊದುಬತ್ತಿಗೆ ಜೇನು ಏಳೋದಾದ್ರೆ ಆ ಮರದಲ್ಲಿ ಅದು ಗೂಡೇ ಕಟ್ತಿರ್ಲಿಲ್ಲ. ಹುಡುಗ್ರು ಏನೋ ಮಾಡಿರ್ತಾರೆ. ತಮ್ಮನ ಮೇಲೆ ಬಂದ ಮಾತಿಗೆ ನೀವು ಹೀಗೆ ಮೈಮೇಲೆ ಹಾಕ್ಕೋತಿದೀರ ಅಷ್ಟೆ. ಅಕ್ಕ ಅಂದ್ರೆ ಹೀಗಿರ್ಬೇಕು."

"ಬರ್ಕೊಡ್ತೀನಿ ಮೇಡಂ. ಸಹಿ ಹಾಕ್ತೀನಿ."

"ಫೈಲು ಕ್ಲೋಸ್ ಆಗಿದೆ. ಬಿಡಿ. ಮನೇಲಿ ಮಾಡಿದ ಬತ್ತೀನಾ ಅದು? ನಂಗೂ ಒಂದು ಕಟ್ಟು ತಂದ್ಕೊಡಿ."

ನನ್ನ ತಪ್ಪನ್ನು ತೆಗೆದುಕೊಳ್ಳಲು ಆ ಕೋಣೆಯಲ್ಲಿ ಯಾರೂ ತಯಾರಿರಲಿಲ್ಲ. ಹಾಳೆಯ ಮೇಲೆ ಮಕ್ಕಳ ತಪ್ಪು ಹಾಗೆಯೇ ಉಳಿಯಿತು, ತಮ್ಮನ ಸಹಿಯೂ ಅದರ ಕೆಳಗೆ ಉಳಿಯಿತು. ಹೊರಗೆ ಬಂದಾಗ ಅವನು, "ಏನಂದ್ರು?" ಎಂದ.

"ನಂದು ತಪ್ಪೇ ಅಲ್ವಂತೆ."

ಅವನು ತರಗತಿಗೆ ಹೊರಟುಹೋದ.

ಈ ವರ್ಷ ಚಳಿಗಾಲ ಬಂದಾಗ ಒಂದು ಬೆಳಿಗ್ಗೆ ತಾರಸಿಯಲ್ಲಿ ಹಗ್ಗ ಇರಲಿಲ್ಲ. ನನ್ನ ಒದ್ದೆ ಸೀರೆಗಳನ್ನು ಮಡಿಸಿ ಗೋಡೆಯ ಮೇಲೆ ಇಟ್ಟಿದ್ದ. ಮಧ್ಯಾಹ್ನ ಡಬ್ಬಿ ತೆಗೆದುಕೊಂಡು ಹೋದರೆ ಅಂಗಳದಲ್ಲಿ ಮತ್ತೆ ಸೀಮೆಸುಣ್ಣದ ಕೆರೆ, ಗೋಣಿಚೀಲದ ರಾಗಿ, ಕಾಲು ಮುರಿದ ಹಸು. ಹೊಸ ಮಕ್ಕಳು. ಹೆಡ್‌ಮಿಸ್‌ರನ್ನು ಮತ್ತೆ ಎರಡು ಸಲ ಕೇಳಿದ್ದನಂತೆ, ಎರಡು ಸಲವೂ ಇಲ್ಲ ಎಂದಿದ್ದರಂತೆ. ಬಸ್ಸಿಲ್ಲ, ಹಳ್ಳಿಯಿಲ್ಲ. ಸಾಲಿನಲ್ಲಿದ್ದ ಹುಡುಗನೊಬ್ಬ ಕೇಳುತ್ತಿದ್ದ.

"ಸರ್, ನಾವು ಯಾವತ್ತು ಹೋಗೋದು?"

ತಮ್ಮ ಕೆರೆಯ ಗೆರೆಯನ್ನು ಇನ್ನಷ್ಟು ಗಟ್ಟಿಯಾಗಿ ತೀಡುತ್ತಿದ್ದ.

ಅವನ ಹತ್ತಿರ ಹೋಗಲು ನಾನು ಹಗ್ಗದ ತುದಿ ಬಿಚ್ಚಿ ಒಳಗೆ ಬಂದೆ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಹಿಂದಿನಿಂದ ಒಂದು ಸಣ್ಣ ಹುಡುಗಿ ಕೂಗಿದಳು.

"ಸರ್ ಅಕ್ಕಾ, ಗೇಟ್ ಹಾಕ್ಲಿಲ್ಲ ನೀವು!"

ಮಿಕ್ಕ ಮಕ್ಕಳು ಕಿಸಕ್ಕನೆ ನಕ್ಕವು. ದೊಡ್ಡವರಿಗೆ ಹೀಗಂದೆನಲ್ಲ ಎಂದು ಆ ಹುಡುಗಿಗೇ ಭಯವಾಯಿತೇನೋ, ಮುಖ ಸಣ್ಣದಾಯಿತು. ಕೈಗಳು ಕೆನ್ನೆಯ ಕಡೆ ಏಳುತ್ತಿರುವಂತೆ ನನಗೆ ಕಂಡಿತು. "ಬೇಡ ಪುಟ್ಟ, ಬೇಡ, ನೀನು ಹೇಳಿದ್ದು ಸರಿ" ಎಂದೆ. ನನ್ನ ಧ್ವನಿ ಜೋರಾಗಿ ಬಂದು ಆ ಮಗು ಎರಡು ಹೆಜ್ಜೆ ಹಿಂದೆ ಸರಿಯಿತು.

ವಾಪಸು ಹೋದೆ. ಹಗ್ಗದ ತುದಿ ತೆಗೆದು ಕಂಬಕ್ಕೆ ಸುತ್ತಿದೆ. ಒಂದು ಕೈಯಲ್ಲಿ ಡಬ್ಬಿ ಇದ್ದದ್ದರಿಂದ ಗಂಟು ಸರಿಯಾಗಿ ಬೀಳಲಿಲ್ಲ. ಡಬ್ಬಿ ಕೆಳಗಿಟ್ಟು ಮತ್ತೆ ಬಿಚ್ಚಿ ಕಟ್ಟಿದೆ. ಹಗ್ಗದ ಆಚೆ ಹಸುವಿರಲಿಲ್ಲ, ಈಚೆ ಪೈರಿರಲಿಲ್ಲ, ಮೇಲೆ ಬಾದಾಮಿ ಮರದಲ್ಲಿ ಏನೂ ಇರಲಿಲ್ಲ. ಕಟ್ಟಿದೆ ಎಂದು ಕೈಯೆತ್ತಿ ತೋರಿಸಿದೆ. ತಮ್ಮ ಈ ಕಡೆ ನೋಡುತ್ತಿರಲಿಲ್ಲ.